ನೆಂಟರು ಕೂತ ಮೇಲೆ ಓವನ್‌ಗೆ: ಬೇಕ್ ಮಾಡಿದ ಬ್ರೀ ಚೀಸ್ ಮಾಡುವ ಬಗೆ

ಮೊದಲ ಸಲ ಇದನ್ನು ಮಾಡಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ಚೀಸ್ ಒಳ್ಳೆಯದು, ಓವನ್ ಚೆನ್ನಾಗಿ ಕಾದಿತ್ತು, ಮೇಲೆ ಹಾಕೋಕೆ ಜೇನುತುಪ್ಪ, ಅಕ್ರೋಟು ಸಿದ್ಧ. ಎಡವಿದ್ದು ಒಂದೇ ಕಡೆ. ಏಳು ಗಂಟೆಗೆ ಬರ್ತೀವಿ ಅಂದವರ ಮಾತು ನಂಬಿ ಆರೂ ಮುಕ್ಕಾಲಿಗೇ ಚೀಸನ್ನು ಓವನ್‌ಗೆ ಇಟ್ಟೆ. ಅವರು ಬಂದು, ಕೂತು, ನೀರು ಕುಡಿದು, ಮಾತಿನ ನಡುವೆ ತಟ್ಟೆಯ ಕಡೆ ತಿರುಗುವಷ್ಟರಲ್ಲಿ ಏಳೂ ಮುಕ್ಕಾಲು. ಚಮಚ ಹಾಕಿದರೆ ಚೀಸ್ ಇಡೀ ಬಿಲ್ಲೆಯಾಗಿ ಎದ್ದು ಬಂತು. ಎಲ್ಲರೂ ಚೆನ್ನಾಗಿದೆ ಅಂದರು. ಯಾರೂ ಎರಡನೇ ಸಲ ಹಾಕಿಕೊಳ್ಳಲಿಲ್ಲ.

ಈ ತಿಂಡಿಯಲ್ಲಿ ಅಡುಗೆ ಕಡಿಮೆ, ಹೊತ್ತು ನೋಡಿಕೊಳ್ಳುವ ಕೆಲಸವೇ ಜಾಸ್ತಿ. ಓವನ್‌ನಲ್ಲಿ 15 ನಿಮಿಷ, ಆಮೇಲೆ ಹರಿಯುವಂತೆ ಇರುವುದು ಹೆಚ್ಚೆಂದರೆ ಇನ್ನು 15–20 ನಿಮಿಷ. ಆ ಎರಡನೇ ಕಾಲು ಗಂಟೆಯಲ್ಲಿ ಬ್ರೆಡ್ಡು ಕೈಯಲ್ಲಿ ಹಿಡಿದು ಜನ ಸುತ್ತ ಕೂತಿರಬೇಕು. ಅದಕ್ಕೆ ಉಳಿದ ಕೆಲಸಗಳನ್ನೆಲ್ಲ ಮೊದಲೇ ಮುಗಿಸಿಟ್ಟುಕೊಳ್ಳಬೇಕು. ಕೆಳಗೆ ಬರೆದಿರುವುದು ಇದನ್ನೇ ಲೆಕ್ಕಕ್ಕಿಟ್ಟುಕೊಂಡು.

ಬೇಕಾದ್ದು (4ರಿಂದ 6 ಜನಕ್ಕೆ)

ಸುಮಾರು 250 ಗ್ರಾಂ ತೂಕದ ಇಡೀ ಬ್ರೀ ಅಥವಾ ಅದೇ ಥರದ ಕ್ಯಾಮಂಬೇರ್ ಚೀಸ್ ಒಂದು. ಬೆಳ್ಳುಳ್ಳಿ ಎಸಳು ಒಂದು, ಥೈಮ್ ಅಥವಾ ರೋಸ್‌ಮೆರಿ (ಎರಡೂ ಘಮದ ಸೊಪ್ಪು) ಎರಡು ಕಡ್ಡಿ, ಆಲಿವ್ ಎಣ್ಣೆ ಒಂದು ಟೀ ಚಮಚ. ಮೇಲೆ ಹಾಕೋಕೆ ಜೇನುತುಪ್ಪ ಎರಡು ದೊಡ್ಡ ಚಮಚ, ಅಕ್ರೋಟು ಒಂದು ಹಿಡಿ, ಒಣಮೆಣಸಿನ ಚೂರು ಕಾಲು ಟೀ ಚಮಚ, ಹರಳುಪ್ಪು ಒಂದು ಚಿಟಿಕೆ. ಅದ್ದಿ ತಿನ್ನೋಕೆ ಉದ್ದನೆಯ ಬ್ರೆಡ್ ಒಂದು, ಸೇಬು ಎರಡು.

ಚೀಸ್ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ರುಚಿ ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ.

ಬ್ರೀ ಪ್ಯಾರಿಸ್ ಸುತ್ತಲಿನ ಪ್ರದೇಶದ್ದು, ಕ್ಯಾಮಂಬೇರ್ ಫ್ರಾನ್ಸಿನದೇ ನಾರ್ಮಂಡಿಯದ್ದು. ಎರಡಕ್ಕೂ ಹೊರಗಡೆ ಬಿಳಿಯ, ವೆಲ್ವೆಟ್ಟಿನಂಥ ಸಿಪ್ಪೆ ಇರುತ್ತದೆ. ಅದು ಪೆನಿಸಿಲಿಯಂ ಕ್ಯಾಮಂಬರ್ಟಿ ಅನ್ನುವ ಬೂಷ್ಟು. ಬೂಷ್ಟು ಅಂದ ಕೂಡಲೇ ಮುಖ ಸಿಂಡರಿಸಬೇಡಿ, ಅದನ್ನು ತಿನ್ನಬಹುದು. ಒಳಗಿನ ಚೀಸ್ ಮೆತ್ತಗಾಗುವುದೇ ಅದರಿಂದ. ಬೂಷ್ಟಿನ ಪ್ರಭಾವ ಹೊರಗಿನಿಂದ ಹುಳಿಯನ್ನು ಕಡಿಮೆ ಮಾಡುತ್ತಾ, ಹಾಲಿನ ಪ್ರೋಟೀನನ್ನು ಸಡಿಲಿಸುತ್ತಾ ಒಳಕ್ಕೆ ಹೋಗುತ್ತದೆ. ಹಾಗಾಗಿ ಈ ಚೀಸ್ ಮಾಗುವುದು ಅಂಚಿನಿಂದ ನಡುವಿಗೆ. ಸಡಿಲವಾದ ಆ ಪ್ರೋಟೀನೇ ಬಿಸಿಗೆ ಹರಿಯುವುದು. ಇನ್ನೂ ಮಾಗದ ನಡುಭಾಗ ಮಾತ್ರ ಬಿಸಿ ಮಾಡಿದರೂ ಸುಣ್ಣದ ಉಂಡೆಯ ಹಾಗೆ ಗಟ್ಟಿಯಾಗಿ ಉಳಿದುಬಿಡುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಒತ್ತಿ ನೋಡಿ. ಅಂಚನ್ನಲ್ಲ, ನಡುವನ್ನು. ಹೆಬ್ಬೆರಳು ಇಟ್ಟರೆ ಸ್ವಲ್ಪ ಒಳಗೆ ಹೋಗಿ ಮೆಲ್ಲಗೆ ವಾಪಸ್ ಬರಬೇಕು. ಕಲ್ಲಿನ ಹಾಗಿದ್ದರೆ ಇನ್ನೂ ಎಳಸು, ಒಂದು ವಾರ ಫ್ರಿಜ್‌ನಲ್ಲಿ ಇಟ್ಟು ಮಾಗಿಸಬೇಕಾದೀತು. ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಸುಕ್ಕಾಗಿದ್ದರೆ ಮಾಗಿದ್ದು ಜಾಸ್ತಿಯಾಗಿದೆ. ಪೊಟ್ಟಣ ಬಿಚ್ಚಿದಾಗ ಒಂಚೂರು ಅಮೋನಿಯಾ ವಾಸನೆ ಬಂದರೆ ಹೆದರಬೇಡಿ, ಗಾಳಿಗಿಟ್ಟರೆ ಹೋಗುತ್ತದೆ. ಅರ್ಧ ಗಂಟೆ ಆದರೂ ಮೂಗಿಗೆ ಹೊಡೆಯುತ್ತಿದ್ದರೆ ನೆಂಟರಿಗೆ ಕೊಡಬೇಡಿ.

ಕತ್ತರಿಸಿ ಮಾರುವ ತ್ರಿಕೋನದ ತುಂಡು ಈ ಕೆಲಸಕ್ಕೆ ಬರುವುದಿಲ್ಲ. ಕತ್ತರಿಸಿದ ಬದಿಯಲ್ಲಿ ಸಿಪ್ಪೆ ಇರುವುದಿಲ್ಲ, ಕರಗಿದ ಚೀಸ್ ಅಲ್ಲಿಂದಲೇ ಹೊರಗೆ ಹರಿಯುತ್ತದೆ. ಬ್ರೀ ದ ಮೋ ಅನ್ನುವ ಹೆಸರುವಾಸಿ ಬ್ರೀ ಅಡ್ಡಗಲಕ್ಕೆ ಒಂದು ಅಡಿಗಿಂತ ದೊಡ್ಡದು, ಅದನ್ನು ಹಾಗೇ ತಿನ್ನುವುದು ಚೆಂದ. ಬೇಕ್ ಮಾಡೋಕೆ ಅಂಗೈ ಅಗಲದ ಚಿಕ್ಕ ಬಿಲ್ಲೆ ಸಾಕು. ‘ಡಬಲ್ ಕ್ರೀಮ್’, ‘ಟ್ರಿಪಲ್ ಕ್ರೀಮ್’ ಅಂತ ಬರೆದಿದ್ದರೆ ಕೊಬ್ಬು ಜಾಸ್ತಿ ಅಂತ ಅರ್ಥ. ಅವು ಬೇಗ ಕರಗುತ್ತವೆ, ಎರಡು ಮೂರು ನಿಮಿಷ ಮೊದಲೇ ತೆಗೆಯಬೇಕಾಗುತ್ತದೆ.

ಸಸ್ಯಾಹಾರಿಗಳು ಬರುವವರಿದ್ದರೆ ಲೇಬಲ್ ಓದಿ. ಹಾಲು ಹೆಪ್ಪುಗಟ್ಟಿಸುವ ರೆನ್ನೆಟ್ಟನ್ನು ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ‘ಮೈಕ್ರೋಬಿಯಲ್ ರೆನ್ನೆಟ್’ ಅಂತಿದ್ದರೆ ಚಿಂತೆ ಇಲ್ಲ. ಗರ್ಭಿಣಿಯರು, ತೀರಾ ವಯಸ್ಸಾದವರು ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಇರುವವರಿದ್ದರೆ ಇನ್ನೊಂದು ವಿಷಯವನ್ನೂ ನೋಡಬೇಕು. ಇಂಥ ಮೆತ್ತನೆಯ ಚೀಸ್‌ನಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಇದೆ. ಪಾಶ್ಚರೀಕರಿಸಿದ ಹಾಲಿನದ್ದನ್ನೇ ತನ್ನಿ, ಮತ್ತು ನಡುಭಾಗವೂ ಹಬೆಯಾಡುವಷ್ಟು ಬಿಸಿಯಾಗಿದೆಯೇ ಅಂತ ಖಾತ್ರಿ ಮಾಡಿಕೊಂಡು ಕೊಡಿ. ಅನುಮಾನ ಇದ್ದರೆ ಅವರಿಗೆ ಬೇರೆ ಏನಾದರೂ ಮಾಡಿಡುವುದು ಒಳ್ಳೆಯದು.

ಬಟ್ಟಲು

ಚೀಸ್‌ಗಿಂತ ಒಂದು ಬೆರಳು ಮಾತ್ರ ಅಗಲ ಇರುವ, ಓವನ್‌ಗೆ ಇಡಬಹುದಾದ ಸೆರಾಮಿಕ್ ಬಟ್ಟಲು ಹುಡುಕಿ. ಒಮ್ಮೆ ನಾನು ಬಟ್ಟಲು ಯಾಕೆ ಅಂದುಕೊಂಡು ಚಪ್ಪಟೆ ಟ್ರೇ ಮೇಲೆ ಬಟರ್ ಪೇಪರ್ ಹಾಸಿ ಇಟ್ಟಿದ್ದೆ. ಹತ್ತನೇ ನಿಮಿಷಕ್ಕೆ ಸಿಪ್ಪೆ ಒಂದು ಕಡೆ ಬಾಯಿ ಬಿಟ್ಟಿತು. ನೋಡನೋಡುತ್ತಿದ್ದಂತೆ ಒಳಗಿದ್ದದ್ದೆಲ್ಲ ಟ್ರೇ ತುಂಬಾ ಹರಿದು, ಅಂಚಿನಲ್ಲಿ ಕರಕಲಾಗಿ, ನಡುವೆ ಖಾಲಿ ಸಿಪ್ಪೆ ಟೋಪಿಯ ಹಾಗೆ ಕೂತಿತ್ತು. ಬಟ್ಟಲು ಬಿಗಿಯಾಗಿದ್ದರೆ ಸಿಪ್ಪೆ ಒಡೆದರೂ ನಷ್ಟ ಇಲ್ಲ, ಚೀಸ್ ಅಲ್ಲೇ ನಿಲ್ಲುತ್ತದೆ.

ಕ್ಯಾಮಂಬೇರ್ ಕೆಲವೊಮ್ಮೆ ತೆಳು ಮರದ ಡಬ್ಬಿಯಲ್ಲಿ ಬರುತ್ತದೆ. 1890ರ ಹೊತ್ತಿಗೆ ಈ ಡಬ್ಬಿ ಬಂದ ಮೇಲೆಯೇ ಆ ಚೀಸ್ ದೂರದೂರಿಗೆ ಹೋಗೋಕೆ ಶುರುವಾಗಿದ್ದು. ಡಬ್ಬಿಯಲ್ಲೇ ಬೇಕ್ ಮಾಡುವವರೂ ಇದ್ದಾರೆ, ನೋಡೋಕೂ ಚೆಂದ. ಆದರೆ ಅಂಟು ಹಾಕಿ ಜೋಡಿಸಿದ ಡಬ್ಬಿ ಬಿಸಿಗೆ ಬಿಚ್ಚಿಕೊಳ್ಳಬಹುದು. ಪಿನ್ನು ಹೊಡೆದದ್ದಾದರೆ ಪರವಾಗಿಲ್ಲ. ಒಳಗಿನ ಕಾಗದ, ಪ್ಲಾಸ್ಟಿಕ್, ಲೇಬಲ್ ಎಲ್ಲ ತೆಗೆದು, ಡಬ್ಬಿಯ ಕೆಳಗೆ ಟ್ರೇ ಇಡಿ. ನನಗಂತೂ ಬಟ್ಟಲೇ ವಾಸಿ.

ಮೊದಲೇ ಮುಗಿಸುವ ಕೆಲಸ

ಬೆಳಗ್ಗೆಯೇ ಅಕ್ರೋಟು ಹುರಿದಿಡಿ. ಒಣ ಬಾಣಲೆ, ಸಣ್ಣ ಉರಿ, ನಾಲ್ಕೈದು ನಿಮಿಷ, ಕೈಯಾಡಿಸುತ್ತಲೇ ಇರಬೇಕು. ಘಮ ಬಂದ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಪ್ಪಾಗಿ ಕಹಿಯಾಗುತ್ತದೆ. ಆರಿದ ಮೇಲೆ ಒರಟಾಗಿ ಮುರಿದುಕೊಳ್ಳಿ, ಪುಡಿ ಮಾಡಬೇಡಿ. ಕರಗಿದ ಚೀಸ್ ಜೊತೆ ಹಲ್ಲಿಗೆ ಕರುಂ ಅನ್ನಬೇಕು, ಅದಕ್ಕೇ ಅಲ್ವಾ ಅಕ್ರೋಟು ಹಾಕುವುದು.

ಬ್ರೆಡ್ಡನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಓರೆಯಾಗಿ ಕತ್ತರಿಸಿ. ಎರಡೂ ಕಡೆ ತೆಳುವಾಗಿ ಎಣ್ಣೆ ಸವರಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 10 ನಿಮಿಷ ಬೇಕ್ ಮಾಡಿ, ನಡುವೆ ಒಮ್ಮೆ ತಿರುವಿ ಹಾಕಿ. ಅಂಚು ಹೊಂಬಣ್ಣ ಬಂದು ನಡುವೆ ಇನ್ನೂ ಚೂರು ಮೆತ್ತಗಿರುವಾಗ ತೆಗೆದರೆ ಆರಿದ ಮೇಲೆ ಸರಿಹೋಗುತ್ತದೆ. ಪೂರ್ತಿ ಗಟ್ಟಿಯಾಗುವ ತನಕ ಬಿಟ್ಟರೆ ಕಚ್ಚಿದಾಗ ಪುಡಿಯಾಗಿ ಬಟ್ಟೆ ಮೇಲೆ ಉದುರುತ್ತದೆ. ಒಬ್ಬರಿಗೆ ನಾಲ್ಕೈದು ತುಂಡು ಲೆಕ್ಕ ಹಿಡಿಯಿರಿ. ಚೀಸ್ ಮುಗಿಯುವ ಮೊದಲೇ ಬ್ರೆಡ್ ಮುಗಿದರೆ ಬೇಜಾರು. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿದರೆ ಎರಡು ದಿನ ಗರಿಗರಿಯಾಗಿರುತ್ತದೆ. ಹಾಗಾಗಿ ಹಿಂದಿನ ದಿನವೂ ಮಾಡಿಡಬಹುದು.

ಸೇಬು ಮಾತ್ರ ಕೊನೆಗೆ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ ಹೋಳುಗಳನ್ನು ಐದು ನಿಮಿಷ ಅದ್ದಿಟ್ಟರೆ ಬೇಗ ಕಪ್ಪಾಗುವುದಿಲ್ಲ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒದ್ದೆ ಹೋಳಿಗೆ ಚೀಸ್ ಅಂಟುವುದಿಲ್ಲ. ಹುಳಿ ಸೇಬು ಸಿಕ್ಕರೆ ಅದೇ ತನ್ನಿ. ಜೇನಿನ ಸಿಹಿ, ಚೀಸ್‌ನ ಜಿಡ್ಡು, ಎರಡಕ್ಕೂ ಹುಳಿ ಬೇಕೇ ಬೇಕು.

ಇನ್ನು ಚೀಸ್. ಫ್ರಿಜ್‌ನಿಂದ ತೆಗೆದ ಕೂಡಲೇ, ಇನ್ನೂ ಗಟ್ಟಿ ಇರುವಾಗಲೇ ಗೆರೆ ಹಾಕಬೇಕು. ಮೆತ್ತಗಾದ ಮೇಲೆ ಚಾಕು ಇಟ್ಟರೆ ಸಿಪ್ಪೆ ಎಳೆದುಕೊಂಡು ಹರಿಯುತ್ತದೆ. ಬಟ್ಟಲಲ್ಲಿ ಕೂರಿಸಿ, ಮೊನಚಾದ ಚಾಕುವಿನಿಂದ ಮೇಲ್ಭಾಗದಲ್ಲಿ ಎರಡು ಸೆಂಟಿಮೀಟರ್ ಅಂತರಕ್ಕೆ ಉದ್ದ ಅಡ್ಡ ಗೆರೆ ಎಳೆಯಿರಿ, ಚೌಕುಳಿ ಬರುವ ಹಾಗೆ. ಆಳ ಅರ್ಧ ಸೆಂಟಿಮೀಟರ್ ಸಾಕು. ಅಂಚಿನಿಂದ ಒಂದು ಬೆರಳು ಒಳಗೇ ಗೆರೆ ನಿಲ್ಲಿಸಿ, ಬದಿಯ ಸಿಪ್ಪೆಗೆ ಚಾಕು ತಾಗಲೇಬಾರದು. ಆ ಸುತ್ತುಗೋಡೆಯೇ ಚೀಸನ್ನು ಹಿಡಿದಿಡುವುದು.

ಬೆಳ್ಳುಳ್ಳಿಯನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿ ಗೆರೆಗಳ ಒಳಗೆ ತೂರಿಸಿ. ಹದಿನೈದು ನಿಮಿಷದಲ್ಲಿ ದಪ್ಪ ಚೂರು ಬೇಯುವುದಿಲ್ಲ, ಹಸಿ ಘಾಟು ಹಾಗೇ ಉಳಿಯುತ್ತದೆ. ಥೈಮ್ ಎಲೆಗಳನ್ನೂ ಗೆರೆಯೊಳಗೇ ಒತ್ತಿ, ಮೇಲೆ ಬಿಟ್ಟರೆ ಸುಟ್ಟು ಒಣಗುತ್ತವೆ. ಒಂದು ಟೀ ಚಮಚ ಎಣ್ಣೆ ಹನಿಸಿ. ಕೆಲವರು ಮೇಲಿನ ಸಿಪ್ಪೆಯನ್ನೇ ತೆಗೆದುಬಿಡುತ್ತಾರೆ. ನಿಮಗೂ ಹಾಗೆ ಬೇಕಿದ್ದರೆ 15–20 ನಿಮಿಷ ಫ್ರೀಜರ್‌ನಲ್ಲಿಟ್ಟು ಮುಚ್ಚಳದ ಹಾಗೆ ತೆಳ್ಳಗೆ ಹೆರೆಯಿರಿ. ನಾನು ತೆಗೆಯುವುದಿಲ್ಲ. ಸಿಪ್ಪೆಗೆ ಅಣಬೆಯಂಥ ಒಂದು ರುಚಿ ಇದೆ, ಅದಿಲ್ಲದೆ ಬ್ರೀ ಬರೀ ಬೆಣ್ಣೆ ಅನಿಸುತ್ತದೆ.

ಓವನ್

180 ಡಿಗ್ರಿಗೆ ಇಟ್ಟು ಕನಿಷ್ಠ 15 ನಿಮಿಷ ಕಾಯಿಸಿ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ಚಿಕ್ಕ ಓವನ್‌ನಲ್ಲಿ ಮೇಲಿನ ರಾಡು ಚೀಸ್‌ಗೆ ಹತ್ತಿರ ಇರುತ್ತದೆ. ಒಂದು ಅಂತಸ್ತು ಕೆಳಗಿಡಿ, ಇಲ್ಲವಾದರೆ ನಡು ಬಿಸಿಯಾಗುವ ಮೊದಲೇ ಮೇಲೆ ಕೆಂಪಾಗುತ್ತದೆ. ಉರಿ ಜಾಸ್ತಿ ಮಾಡಿ ಬೇಗ ಮುಗಿಸೋಣ ಅನ್ನುವ ಆಸೆ ಬೇಡ. ಅಂಚು ಕುದಿಯುತ್ತದೆ, ನಡು ತಣ್ಣಗೇ ಇರುತ್ತದೆ.

ಒಟ್ಟು 15 ನಿಮಿಷ ಅಂತ ಇಟ್ಟುಕೊಳ್ಳಿ, ಆದರೆ 12ನೇ ನಿಮಿಷದಿಂದ ಕಣ್ಣು ಅಲ್ಲೇ ಇರಲಿ. ಮೊದಲು ಗೆರೆಗಳು ಅಗಲವಾಗುತ್ತವೆ, ಚೌಕುಳಿಗಳು ಒಂದೊಂದೇ ಬೇರೆ ಬೇರೆಯಾಗಿ ಕಾಣುತ್ತವೆ. ಆಮೇಲೆ ಗೆರೆಯೊಳಗೆ ಹಳದಿ ಚೀಸ್ ಮಿನುಗುತ್ತದೆ, ಬೆಳ್ಳುಳ್ಳಿ ಅದರಲ್ಲಿ ತೇಲಿದಂತಾಗುತ್ತದೆ. ಬಟ್ಟಲನ್ನು ಮೆಲ್ಲಗೆ ಅಲುಗಿಸಿದರೆ ಇಡೀ ಚೀಸ್ ನೀರು ತುಂಬಿದ ಚೀಲದ ಹಾಗೆ ತುಳುಕಬೇಕು. ಚಮಚದ ಬೆನ್ನಿನಿಂದ ನಡುವೆ ಒತ್ತಿ. ತಳದಲ್ಲಿ ಗಟ್ಟಿ ತಾಗಿದರೆ ಇನ್ನೂ ಮೂರು ನಿಮಿಷ. ತಾಗದಿದ್ದರೆ ಹೊರಗೆ.

ಇದಕ್ಕಿಂತ ಜಾಸ್ತಿ ಹೊತ್ತು ಬಿಟ್ಟರೆ ಇನ್ನೂ ಕರಗುತ್ತದೆ ಅಂದುಕೊಳ್ಳುವುದು ಸಹಜ. ಆಗುವುದು ಉಲ್ಟಾ. ಬಿಸಿ ಮಿತಿ ಮೀರಿದರೆ ಪ್ರೋಟೀನ್ ಬಿಗಿದುಕೊಂಡು ಕೊಬ್ಬನ್ನು ಹೊರಗೆ ತಳ್ಳುತ್ತದೆ. ಬಟ್ಟಲ ಅಂಚಿನಲ್ಲಿ ಎಣ್ಣೆ ನಿಂತು ಚೀಸ್ ಅಂಟಂಟಾಗಿ ಎಳೆದರೆ ಹದ ತಪ್ಪಿದೆ ಅಂತಲೇ. ಅದನ್ನು ಸರಿಮಾಡೋಕೆ ಆಗುವುದಿಲ್ಲ.

ಹೊರಗೆ ತೆಗೆದ ಬಟ್ಟಲನ್ನು ಮರದ ಹಲಗೆಯ ಮೇಲೆ ಇಡಿ. ಒದ್ದೆ ಕಲ್ಲಿನ ಮೇಲಿಟ್ಟರೆ ಸೆರಾಮಿಕ್ ಸೀಳಬಹುದು. ಅಂಚಿಗೆ ದಪ್ಪ ಬಟ್ಟೆ ಸುತ್ತಿ ಕೊಟ್ಟರೆ ಒಳ್ಳೆಯದು. ತಣ್ಣನೆಯ ತಿಂಡಿ ಅಂದುಕೊಂಡು ಬಟ್ಟಲು ಎಳೆದುಕೊಳ್ಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಎರಡು ನಿಮಿಷ ಸುಮ್ನೆ ಬಿಡಿ. ಅಷ್ಟರಲ್ಲಿ ಜೇನುತುಪ್ಪವನ್ನು ಮೆಣಸಿನ ಚೂರಿನ ಜೊತೆ ಸ್ವಲ್ಪ ಬೆಚ್ಚಗೆ ಮಾಡಿ. ಮೊದಲು ಅಕ್ರೋಟು ಹರಡಿ, ಅದರ ಮೇಲೆ ಜೇನು, ಕೊನೆಗೆ ಹರಳುಪ್ಪು. ಜೇನನ್ನು ಓವನ್‌ಗೆ ಇಡುವ ಮೊದಲೇ ಹಾಕುವವರಿದ್ದಾರೆ. ಅದು ಬದಿಗೆ ಜಾರಿ, ಬಟ್ಟಲ ಗೋಡೆಗೆ ಹತ್ತಿ ಸುಡುತ್ತದೆ, ಪರಿಮಳವೂ ಹೋಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಕೊಡಬಾರದು. ಅಕ್ರೋಟು ಒಗ್ಗದವರು ಇದ್ದಾರೆಯೇ ಅಂತ ಮೊದಲೇ ಕೇಳಿಕೊಳ್ಳಿ, ಅಂಥವರಿದ್ದರೆ ಪಕ್ಕದ ಬಟ್ಟಲಲ್ಲಿ ಇಟ್ಟರೂ ಸಾಲದು, ಬಿಟ್ಟೇಬಿಡಿ.

ಜೇನಿನ ಬದಲು ಅಂಜೂರ ಅಥವಾ ಏಪ್ರಿಕಾಟ್ ಜಾಮ್ ಹಾಕಬಹುದು, ಕೊನೆಯ ಐದು ನಿಮಿಷ ಅದೂ ಓವನ್‌ನಲ್ಲಿರಲಿ. ಸಿಹಿ ಬೇಡ ಅನ್ನುವವರಿಗೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಮೇಲೆ ಕಾಳುಮೆಣಸು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ರುಚಿ, ಆದರೆ ನೆಂಟರು ಕೇಳುವುದು ಜೇನಿನದ್ದನ್ನೇ.

ಹೊತ್ತಿನ ಲೆಕ್ಕ

ಗಡಿಯಾರವನ್ನು ಹಿಂದಿನಿಂದ ಎಣಿಸಿ. ನೆಂಟರು ಬರುವ ಒಂದು ಗಂಟೆ ಮೊದಲು ಚೀಸ್‌ಗೆ ಗೆರೆ ಹಾಕಿ, ಬೆಳ್ಳುಳ್ಳಿ ತುಂಬಿ, ಬಟ್ಟಲ ಸಮೇತ ಫ್ರಿಜ್‌ಗೆ ವಾಪಸ್ ಇಡಿ. ಬರುವ ಹೊತ್ತಿಗೆ ಹೊರಗೆ ತೆಗೆಯಿರಿ. ಅವರು ದಾರಿಯಲ್ಲಿದ್ದೀವಿ ಅಂತ ಫೋನ್ ಮಾಡಿದರೂ ನಂಬಬೇಡಿ. ಮೊದಲನೆಯವರು ಬಾಗಿಲಲ್ಲಿ ಕಂಡಾಗ ಓವನ್ ಹಚ್ಚಿ. ಎಲ್ಲರೂ ಕೂತು ಕೈಗೆ ಲೋಟ ಬಂದಾಗ ಚೀಸ್ ಒಳಗೆ. ಆಮೇಲಿನ 15 ನಿಮಿಷ ಬೆಳ್ಳುಳ್ಳಿ, ಥೈಮ್ ಘಮ ಮನೆಯೆಲ್ಲ ಹರಡುತ್ತದೆ, ಏನದು ಅಂತ ಅವರೇ ಕೇಳೋಕೆ ಶುರು ಮಾಡುತ್ತಾರೆ. ಯಾರಾದರೂ ತಡವಾದರೆ ಕಾಯಬೇಕಾದ್ದು ಬೇಕ್ ಆಗದ ಚೀಸ್, ಬೇಕ್ ಆದದ್ದಲ್ಲ.

ಹತ್ತು ಹನ್ನೆರಡು ಜನ ಇದ್ದರೆ ದೊಡ್ಡ ಚೀಸ್ ತರಬೇಡಿ. ಚಿಕ್ಕವು ಎರಡು ತನ್ನಿ. ಮೊದಲನೆಯದು ಮೇಜಿಗೆ ಬಂದಾಗ ಎರಡನೆಯದನ್ನು ಓವನ್‌ಗೆ ಇಟ್ಟರೆ, ಮೊದಲ ಬಟ್ಟಲು ಕೆರೆಯುವ ಸದ್ದು ಕೇಳುವಷ್ಟರಲ್ಲಿ ಇನ್ನೊಂದು ಬಿಸಿಬಿಸಿ ಸಿದ್ಧ.

ಅಷ್ಟಾಗಿಯೂ ಗಟ್ಟಿಯಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಡಿ. ಒಮ್ಮೆ ಮಾತ್ರ, ಮತ್ತೆ ಮತ್ತೆ ಬಿಸಿ ಮಾಡಿದರೆ ಎಣ್ಣೆ ಬಿಡುತ್ತದೆ. ಜೇನು ಹಾಕಿಯಾಗಿದ್ದರೆ ಮೇಲೆ ಫಾಯಿಲ್ ಮುಚ್ಚಿ.

ಪೇಸ್ಟ್ರಿ ಸುತ್ತಿದ್ದು

ಪಫ್ ಪೇಸ್ಟ್ರಿ ಹಾಳೆಯಲ್ಲಿ ಸುತ್ತಿ ಮಾಡುವುದೂ ಇದೆ. ಚೀಸ್ ಮೇಲೆ ಎರಡು ಚಮಚ ಜಾಮ್ ಹಾಕಿ, ಹಾಳೆಯ ಅಂಚುಗಳನ್ನು ಮಡಿಸಿ ನೀರು ಸವರಿ ಅಂಟಿಸಿ, ಮಡಿಕೆ ಕೆಳಗೆ ಬರುವಂತೆ ತಿರುವಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮೇಲೆ ಹೊಡೆದ ಮೊಟ್ಟೆ ಅಥವಾ ಹಾಲು ಹಚ್ಚಿ 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ. ಇಲ್ಲಿ ಮಾತ್ರ ಹತ್ತು ನಿಮಿಷ ಆರಿಸಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಚಾಕು ಇಟ್ಟ ಕೂಡಲೇ ಪ್ರವಾಹ. ಚೆನ್ನಾಗಿರುತ್ತದೆ, ಆದರೆ ಸುಲಭ ಅಂತ ನಾನು ಹೇಳುವುದಿಲ್ಲ.

ಹೇಳಿದ ಹೊತ್ತಿಗೆ ಬರದ ನೆಂಟರಿಗೆ ಫೆಟಾ

ನಿಮ್ಮ ಗೆಳೆಯರ ಗುಂಪಿನಲ್ಲಿ ಯಾರೂ ಹೇಳಿದ ಹೊತ್ತಿಗೆ ಬರುವವರಲ್ಲ ಅಂದರೆ ಬ್ರೀ ಬಿಟ್ಟು ಫೆಟಾ ಮಾಡಿ. ಇದು ಗ್ರೀಸಿನ ಚೀಸ್. ಕುರಿ ಹಾಲಿನದ್ದು, ಮೇಕೆ ಹಾಲು ಬೆರೆಸುವುದಾದರೆ ಶೇಕಡ 30ರವರೆಗೆ ಮಾತ್ರ. ಯುರೋಪಿನ ಒಕ್ಕೂಟ 2002ರಲ್ಲಿ ಆ ಹೆಸರನ್ನು ಗ್ರೀಸಿಗೇ ಮೀಸಲಿಟ್ಟಿದೆ. ಫೆಟಾದಲ್ಲಿ ಹುಳಿ ಜಾಸ್ತಿ, ಅದಕ್ಕೇ ಬಿಸಿಗೆ ಹರಿಯುವುದಿಲ್ಲ. ಮೆತ್ತಗಾಗಿ ಬೆಣ್ಣೆಯ ಹಾಗೆ ಸವರುವ ಹದಕ್ಕೆ ಬರುತ್ತದೆ ಅಷ್ಟೇ. ಹರಿಯದ್ದು ಹೆಪ್ಪುಗಟ್ಟುವುದೂ ಇಲ್ಲ ಅಲ್ವಾ, ಮುಕ್ಕಾಲು ಗಂಟೆ ಬಿಟ್ಟು ತಿಂದರೂ ಚೆನ್ನಾಗಿಯೇ ಇರುತ್ತದೆ.

200 ಗ್ರಾಂ ಫೆಟಾ ಗಟ್ಟಿಯನ್ನು ಬಟ್ಟಲ ನಡುವೆ ಇಡಿ. ಸುತ್ತ 300 ಗ್ರಾಂ ಚೆರ್ರಿ ಟೊಮೆಟೊ, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಚಿಟಿಕೆ ಒರೆಗಾನೊ. ಉಪ್ಪು ಹಾಕಬೇಡಿ, ಫೆಟಾ ಉಪ್ಪುನೀರಿನಲ್ಲೇ ಮಾಗಿದ್ದು. 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ, ಟೊಮೆಟೊ ಒಡೆದು ರಸ ಬಿಡುವ ತನಕ. ಫಿನ್‌ಲ್ಯಾಂಡ್‌ನವರು ಇದಕ್ಕೇ ಪಾಸ್ತಾ ಬೆರೆಸಿದ್ದು 2021ರಲ್ಲಿ ಟಿಕ್‌ಟಾಕ್‌ನಲ್ಲಿ ಓಡಿ ಜಗತ್ತೆಲ್ಲ ಸುತ್ತಿತು. ಪಾಸ್ತಾ ಇಲ್ಲದೆ ಬ್ರೆಡ್ ಜೊತೆಗೂ ಸೊಗಸು.

ಉಳಿದರೆ

ಬ್ರೀ ಉಳಿಯುವುದು ಕಡಿಮೆ. ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಎರಡು ಮೂರು ದಿನದಲ್ಲಿ ಮುಗಿಸಿ. ಬಿಸಿ ಪಾಸ್ತಾಗೆ ಬೆರೆಸಿದರೆ ಅದೇ ಸಾಸ್. ಬಟ್ಟಲನ್ನು ಮಾತ್ರ ಬಿಸಿನೀರಿಗೆ ಹಾಕಬೇಡಿ, ಚೀಸ್ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪೂರ್ತಿ ಆರಲು ಬಿಟ್ಟು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಮರದ ಚಮಚದಿಂದ ಕೆರೆದರೆ ಸಿಪ್ಪೆ ಸಮೇತ ಎದ್ದು ಬರುತ್ತದೆ. ಸೋಪು, ಬಿಸಿನೀರು ಆಮೇಲೆ.